ನೋಡಿದ್ದನ್ನೇ ನೋಡುವ ನೋಡ್

ಹೋದ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನನ್ನ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬಿಟ್‌ಕಾಯಿನ್ ಚೈನ್‌ಸ್ಟೇಟ್ ರೀಇಂಡೆಕ್ಸ್ ಮುಗಿಸಿತು, ಅಂದರೆ ಡಿಸ್ಕ್‌ನಲ್ಲಿರುವ ಬ್ಲಾಕ್‌ಗಳನ್ನೆಲ್ಲ (ವ್ಯವಹಾರಗಳ ಕಂತೆಗಳು) ಮೊದಲಿನಿಂದ ಪರೀಕ್ಷಿಸಿ, ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿಯನ್ನು ಹೊಸದಾಗಿ ಕಟ್ಟಿತು. ನೋಡ್ (ಸರಪಳಿಯನ್ನು ತಾನೇ ಪರೀಕ್ಷಿಸುವ ಕಂಪ್ಯೂಟರ್) ನಡೆಸುವ ತಂತ್ರಾಂಶವಾದ ಮೂಲ ಬಿಟ್‌ಕಾಯಿನ್ ಕೋರ್ ಇದೇ ಡಬ್ಬಿಯಲ್ಲಿ 62 ಗಂಟೆ ಚಿಲ್ಲರೆ ತಿನ್ನುತ್ತಿತ್ತು, ನನ್ನ ಪ್ಯಾಚ್ 59ಕ್ಕೆ ಒಂದಿಷ್ಟು ಮೊದಲೇ ನಿಂತಿತು. ಎರಡನ್ನೂ ಒಂದೇ ಎತ್ತರದಲ್ಲಿ (ಬ್ಲಾಕ್‌ನ ಕ್ರಮಸಂಖ್ಯೆ) ನಿಲ್ಲಿಸಿ ಯುಟಿಎಕ್ಸ್‌ಓ ಸೆಟ್‌ನ, ಅಂದರೆ ಆ ಖರ್ಚಾಗದ ನಾಣ್ಯಗಳ ಪಟ್ಟಿಯ, ಹ್ಯಾಶ್ (ಬೆರಳಚ್ಚಿನಂಥ ಗುರುತು) ತಾಳೆ ನೋಡಿದೆ. ಒಂದಕ್ಷರ ವ್ಯತ್ಯಾಸ ಇಲ್ಲ. "ಮೂರು ಗಂಟೆ ಉಳಿಸೋಕೆ ಎಂಟು ತಿಂಗಳಾ ಮಾರಾಯಾ?" ಅಂತ ಗೆಳೆಯ ನಕ್ಕ. ನಗಲಿ. ಯಾವ ಬ್ಲಾಕ್ ಸಿಂಧು ಅಂತ ತೀರ್ಮಾನಿಸುವ ಕನ್ಸೆನ್ಸಸ್ ಕೋಡ್‌ಗೆ ಕೈ ಹಾಕಿದರೆ ನೋಡ್ ಸರಪಳಿ ಬಿಟ್ಟು ಬೇರೆ ದಾರಿ ಹಿಡಿಯೋದು ಗ್ಯಾರಂಟಿ ಅಂತ ಹೇಳಿದವನೂ ಅವನೇ.

ನನಗಿದು ಬರೀ ಚಟ ಅಲ್ಲ. ಗಿರಾಕಿಗಳಿಗೆ ಬೇಕಾದ ಹಾಗೆ ಇಂಡೆಕ್ಸ್ ಕಟ್ಟಿಕೊಡೋದು ನನ್ನ ಕೆಲಸ, ತಿಂಗಳಿಗೆ ನಾಲ್ಕೈದು ಸಲ ಪೂರ್ತಿ ಸರಪಳಿ ಮತ್ತೆ ಓಡಿಸಬೇಕಾಗುತ್ತದೆ. ಬಾಡಿಗೆ ಮೆಷಿನ್ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ.

ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ಡಿಬಗ್ ಬೆಂಚ್ ಹಾಕಿ ಲಾಗ್ ನೋಡಿದವರಿಗೆ 'ಸ್ಯಾನಿಟಿ ಚೆಕ್ಸ್' ಅನ್ನುವ ಸಾಲು ಗೊತ್ತಿರುತ್ತದೆ. ಅದು ಚೆಕ್‌ಬ್ಲಾಕ್, ಬ್ಲಾಕ್ ತನ್ನಷ್ಟಕ್ಕೆ ಸರಿಯಿದೆಯೇ ಅಂತ ನೋಡುವ ಫಂಕ್ಷನ್. ಬ್ಲಾಕ್ ಬಂದಾಗ ಒಮ್ಮೆ ನಡೆಯುತ್ತದೆ, ಬ್ಲಾಕನ್ನು ಸರಪಳಿಗೆ ಜೋಡಿಸುವ ಕನೆಕ್ಟ್‌ಬ್ಲಾಕ್ ಒಳಗೆ ಮತ್ತೊಮ್ಮೆ ಕರೆಯುತ್ತಾರೆ. ಮೆಮೊರಿಯಲ್ಲೇ ಇದ್ದರೆ 'ಆಗಲೇ ನೋಡಿದ್ದೇನೆ' ಅನ್ನುವ ಗುರುತು ಇರುವುದರಿಂದ ಎರಡನೇದು ಪುಕ್ಕಟೆ. ಆದರೆ ಮೊದಲ ಸಿಂಕ್‌ನಲ್ಲಿ ಬ್ಲಾಕ್‌ಗಳು ಹಿಂದುಮುಂದಾಗಿ ಬಂದು ಡಿಸ್ಕ್ ಸೇರುತ್ತವೆ, ಆಮೇಲೆ ಓದಿದಾಗ ಆ ಗುರುತು ಇರೋದಿಲ್ಲ. ಮರ್ಕಲ್ ರೂಟ್ (ಬ್ಲಾಕ್‌ನ ಎಲ್ಲ ವ್ಯವಹಾರಗಳಿಗೂ ಸೇರಿ ಒಂದೇ ಹ್ಯಾಶ್) ಮತ್ತೆ, ನಕಲಿ ಇನ್‌ಪುಟ್ (ಒಂದೇ ವ್ಯವಹಾರದಲ್ಲಿ ಅದೇ ನಾಣ್ಯ ಎರಡು ಸಲ) ಹುಡುಕಾಟ ಮತ್ತೆ, ಸಿಗ್‌ಆಪ್ (ಸಹಿ ಪರೀಕ್ಷಿಸುವ ಆದೇಶ) ಎಣಿಕೆ ಮತ್ತೆ. ಅದರ ಮೇಲೆ ಕನೆಕ್ಟ್‌ಬ್ಲಾಕ್ ತಾನೇ ಸಿಗ್‌ಆಪ್‌ಗಳನ್ನು ಇನ್ನೊಮ್ಮೆ ಎಣಿಸುತ್ತದೆ.

ಇಷ್ಟು ಕಂಡದ್ದೇ ಕತ್ತರಿ ಹಿಡಿದೆ. ಮೊದಲು ಕಿತ್ತಿದ್ದು ಎರಡನೇ ಸುತ್ತಿನ ಮರ್ಕಲ್ ಪರೀಕ್ಷೆ. ಲಾಗ್‌ನಲ್ಲಿ ಆ ಸಾಲಿನ ಹೊತ್ತು ಅರ್ಧಕ್ಕಿಂತ ಕೆಳಗಿಳಿಯಿತು. ಖುಷಿಯಲ್ಲಿ ಒಬ್ಬ ಗಿರಾಕಿಯ ಕೆಲಸವನ್ನೂ ಅದೇ ಬಿಲ್ಡ್ ಮೇಲೆ ಹಾಕಿಬಿಟ್ಟೆ. ಐದು ಲಕ್ಷ ದಾಟಿದ ಮೇಲೆ ಒಂದು ಎತ್ತರದಲ್ಲಿ ನೋಡ್ ನಿಂತಿತು: ಇನ್‌ಪುಟ್ ಸಿಗುತ್ತಿಲ್ಲ, ಬ್ಲಾಕ್ ಅಸಿಂಧು. ಮತ್ತೆ ಓಡಿಸಿದೆ. ಅದೇ ಎತ್ತರ. ಇನ್ನೊಮ್ಮೆ, ಅದೇ ಎತ್ತರ. ಪ್ರತಿ ಸಲ ಒಂದೇ ಜಾಗದಲ್ಲಿ ಬಿದ್ದರೆ ಅದು ಕೋಡ್‌ನ ತಪ್ಪೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹನ್ನೊಂದು ದಿನ ನನ್ನ ಸಿ ಪ್ಲಸ್ ಪ್ಲಸ್ ಸಾಲುಗಳನ್ನು ಹೇನು ಹೆಕ್ಕಿದ ಹಾಗೆ ಹೆಕ್ಕಿದೆ. ಹಟಕ್ಕೆ ಮೂಲ ಬೈನರಿ ಹಾಕಿ ನೋಡಲೇ ಇಲ್ಲ. ಕೊನೆಗೆ ಹಾಕಿದೆ. ಆ ಎತ್ತರ ತಲುಪುವ ಮೊದಲೇ ಅದು ಬ್ಲಾಕ್ ಕೆಟ್ಟಿದೆ, ಹಾರ್ಡ್‌ವೇರ್ ದೋಷ ಇರಬಹುದು ಅಂತ ಹೇಳಿ ತಾನಾಗಿ ಬಾಗಿಲು ಹಾಕಿಕೊಂಡಿತು.

ಕೆಟ್ಟಿದ್ದು ನಾಲ್ಕೂವರೆ ಸಾವಿರಕ್ಕೆ ಅಗ್ಗವಾಗಿ ಸಿಕ್ಕಿತು ಅಂತ ತಂದ ಎಸ್‌ಎಸ್‌ಡಿ. ಬ್ಲಾಕ್ ಫೈಲ್‌ನಲ್ಲಿ ಎಲ್ಲೋ ಒಂದು ಬಿಟ್ ತಿರುಗಿತ್ತು. ಅದರಿಂದ ಒಂದು ವ್ಯವಹಾರದ ಐಡಿಯೇ ಬದಲಾಗಿ, ಎಷ್ಟೋ ಬ್ಲಾಕ್ ಆದ ಮೇಲೆ ಅದನ್ನು ಖರ್ಚು ಮಾಡಲು ಬಂದವನಿಗೆ ನಾಣ್ಯ ಕಾಣಲಿಲ್ಲ. ಅಸ್ಯೂಮ್‌ವ್ಯಾಲಿಡ್ ಅನ್ನುವ ಸೆಟ್ಟಿಂಗ್ ಇರುವಾಗ ಹಳೆಯ ಸಹಿಗಳನ್ನೂ ನೋಡುವುದಿಲ್ಲವಲ್ಲ, ಮಧ್ಯದಲ್ಲಿ ಹಿಡಿಯುವವರೇ ಇರಲಿಲ್ಲ. ನಾನು ದಂಡ ಅಂದುಕೊಂಡಿದ್ದ ಪರೀಕ್ಷೆ ಕಾಯುತ್ತಿದ್ದದ್ದು ಡಿಸ್ಕನ್ನು. ಕೋಡ್‌ನಲ್ಲಿ ಅಲ್ಲೇ ಪಕ್ಕದಲ್ಲಿ ಅದಕ್ಕೊಂದು ಕಾಮೆಂಟ್ ಕೂಡ ಇದೆ. ಓದಿರಲಿಲ್ಲ. ಗಿರಾಕಿ ಮಾತಾಡಿದ್ದ 40 ಸಾವಿರದಲ್ಲಿ 15 ಸಾವಿರ ಹಿಡಿದುಕೊಂಡ. ಹೊಸ ಎಸ್‌ಎಸ್‌ಡಿಗೆ ಏಳು ಸಾವಿರದ ಹತ್ತಿರ ಹೋಯಿತು.

ನಕಲಿ ಇನ್‌ಪುಟ್ ಪರೀಕ್ಷೆಯನ್ನು ಮಾತ್ರ ನಾನು ಕೀಳಲಿಲ್ಲ, ಯಾಕೆಂದರೆ ಅದನ್ನು ಕಿತ್ತು ಕೈಸುಟ್ಟುಕೊಂಡವರ ಕಥೆ ನಮಗೆಲ್ಲ ಗೊತ್ತು. 2017ರಲ್ಲಿ ಬಂದ ಕೋರ್‌ನ 0.14 ಆವೃತ್ತಿಯಲ್ಲಿ ಬ್ಲಾಕ್‌ಗೆ ಅದು ಬೇಡ, ಮುಂದೆ ಹೇಗೂ ಸಿಕ್ಕಿಬೀಳುತ್ತದೆ ಅಂತ ಬಿಟ್ಟಿದ್ದರು. 0.14ರಲ್ಲಿ ಅಂಥ ಬ್ಲಾಕ್ ಬಂದರೆ ನೋಡ್ ಬೀಳುತ್ತಿತ್ತು. 0.15ರಿಂದ 0.16.2ರವರೆಗೆ ಇನ್ನೂ ಕೆಟ್ಟದ್ದು: ಒಂದೇ ನಾಣ್ಯವನ್ನು ಒಂದೇ ವ್ಯವಹಾರದಲ್ಲಿ ಎರಡು ಸಲ ಖರ್ಚು ಮಾಡಿ ಇಲ್ಲದ ದುಡ್ಡು ಹುಟ್ಟಿಸಬಹುದಿತ್ತು. 2018ರ ಸೆಪ್ಟೆಂಬರ್ 18ರಂದು ಅದನ್ನು ಸರಿಪಡಿಸಿದ 0.16.3 ಬಂತು, ಆ ದೋಷಕ್ಕೆ ಸಿವಿಇ-2018-17144 ಅಂತ ಹೆಸರೂ ಬಿತ್ತು. ನಾನು ರೆಗ್‌ಟೆಸ್ಟ್‌ನಲ್ಲಿ (ಸ್ವಂತ ಮೆಷಿನ್‌ನಲ್ಲೇ ನಡೆಯುವ ಪರೀಕ್ಷಾ ಸರಪಳಿ) ಹಳೆಯ 0.16.2 ಕಟ್ಟಿ ಅಂಥದ್ದೊಂದು ಬ್ಲಾಕ್ ಮೈನ್ ಮಾಡಿ ನೋಡಿದೆ. ತೆಪ್ಪಗೆ ನುಂಗಿತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಾಗಿ ಪರೀಕ್ಷೆ ಉಳಿಸಿ ಅದರ ಖರ್ಚು ಇಳಿಸಿದೆ. ಈಗಿನ ಕೋಡ್ ಪ್ರತಿ ವ್ಯವಹಾರಕ್ಕೂ ಒಂದು ಸೆಟ್ ಕಟ್ಟಿ ಇನ್‌ಪುಟ್‌ಗಳನ್ನು ಒಂದೊಂದಾಗಿ ಅದರೊಳಗೆ ತುರುಕುತ್ತದೆ. ಬಹಳಷ್ಟು ವ್ಯವಹಾರಗಳಿಗೆ ಇನ್‌ಪುಟ್ ಒಂದೋ ಎರಡೋ. ಒಂದಿದ್ದರೆ ನೋಡುವುದೇನೂ ಇಲ್ಲ, ಎರಡಿದ್ದರೆ ನೇರ ಹೋಲಿಕೆ, ಹೆಚ್ಚಿದ್ದರೆ ವೆಕ್ಟರ್‌ಗೆ ಹಾಕಿ ಸಾರ್ಟ್. ಪೂರ್ತಿ ಕಿತ್ತಿದ್ದು ಒಂದೇ: ಡಿಸ್ಕ್‌ನಿಂದ ಓದಿ ಜೋಡಿಸುವಾಗಿನ ಚೆಕ್‌ಬ್ಲಾಕ್ ಒಳಗಿನ ಸಿಗ್‌ಆಪ್ ಎಣಿಕೆ. ಬೆನ್ನಿಗೇ ಕನೆಕ್ಟ್‌ಬ್ಲಾಕ್ ಎಣಿಸುವುದರಲ್ಲಿ ಇದೂ ಸೇರಿ ಪಿ2ಎಸ್‌ಎಚ್, ವಿಟ್ನೆಸ್ ಅನ್ನುವ ಇನ್ನೆರಡು ಬಗೆಯ ಸಿಗ್‌ಆಪ್‌ಗಳೂ ಬರುತ್ತವೆ, ಮಿತಿ ಅದೇ 80,000. ಇಲ್ಲಿ ದಾಟಿದ್ದು ಅಲ್ಲಿ ದಾಟದೇ ಇರುವುದಕ್ಕೆ ಸಾಧ್ಯವೇ ಇಲ್ಲ. ಬ್ಲಾಕ್ ಮೊದಲ ಸಲ ಬಂದಾಗಿನ ಎಣಿಕೆ ಮುಟ್ಟಿಲ್ಲ. ಮರ್ಕಲ್ ವಾಪಸ್ ಹಾಕಿದೆ. ಆದರೆ ಅದರ ಹ್ಯಾಶ್‌ಗಳನ್ನು ಮೆಮೊರಿಯಲ್ಲಿ ಹೇಗೆ ಜೋಡಿಸಿ ವೇಗ ತಂದೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ಮಧ್ಯೆ ಬಿಪ್ (ಬಿಟ್‌ಕಾಯಿನ್ ಸುಧಾರಣಾ ಪ್ರಸ್ತಾವ) 30ರ ಬೆನ್ನು ಹತ್ತಿ ಒಂದು ವಾರ ಕಳೆದೆ. ಹಳೆಯ ವ್ಯವಹಾರದ ಐಡಿಯೇ ಮತ್ತೆ ಬಾರದಂತೆ ಪ್ರತಿ ಔಟ್‌ಪುಟ್‌ಗೂ ಹುಡುಕುವ ಪರೀಕ್ಷೆ ಅದು. 91842 ಮತ್ತು 91880ನೇ ಬ್ಲಾಕ್‌ಗಳ ಕಾಯಿನ್‌ಬೇಸ್ (ಮೈನರ್‌ಗೆ ಹೊಸ ನಾಣ್ಯ ಕೊಡುವ ವ್ಯವಹಾರ) ಹಳೆಯದರ ಪಡಿಯಚ್ಚು, ಹಾಗಾಗಿ ತಲಾ 50ರಂತೆ ನೂರು ಬಿಟ್‌ಕಾಯಿನ್ ಮಣ್ಣುಪಾಲು. 227931ರಲ್ಲಿ, ಕಾಯಿನ್‌ಬೇಸ್‌ನೊಳಗೆ ಎತ್ತರ ಬರೆಯಲೇಬೇಕು ಅನ್ನುವ ಬಿಪ್ 34 ಬಂದ ಮೇಲೆ ಆ ಹುಡುಕಾಟ ಬೇಕಿಲ್ಲ, ಮತ್ತೆ 1983702ಕ್ಕೆ ಶುರುವಾಗಬೇಕು. ಅಷ್ಟೊತ್ತಿಗೆ ನನ್ನ ಮಗಳಿಗೆ ಮದುವೆಯಾಗಿರುತ್ತದೆ. ಆ ಹಳೆಯ ಬ್ಲಾಕ್‌ಗಳಿಗೆ ಅದನ್ನು ಬಂದ್ ಮಾಡಿ ಓಡಿಸಿದೆ. ಉಳಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಆಗಿನ ಬ್ಲಾಕ್‌ಗಳು ಅಷ್ಟು ಸಣ್ಣವು. ಆ ಬದಲಾವಣೆ ತೆಗೆದುಹಾಕಿದೆ.

ಇನ್ನೊಂದು ನಿಜ ಹೇಳಿಬಿಡುತ್ತೇನೆ: ಡಿಬಿಕ್ಯಾಶ್ (ನಾಣ್ಯಗಳ ಪಟ್ಟಿಗೆ ಕೊಡುವ ಮೆಮೊರಿ) 450 ಎಂಬಿಯಿಂದ 4000ಕ್ಕೆ ಏರಿಸಿದಾಗ ಸಿಕ್ಕಿದ್ದು ನನ್ನ ಎಂಟು ತಿಂಗಳ ಕೆಲಸಕ್ಕಿಂತ ಎಷ್ಟೋ ಹೆಚ್ಚು. ಮೇಲಿನ 62 ಮತ್ತು 59 ಎರಡೂ ಅದಾದ ಮೇಲಿನ ಅಂಕಿ. ಯುಪಿಎಸ್ ಇಲ್ಲದಿದ್ದರೆ ಮಾತ್ರ ಏರಿಸಬೇಡಿ. ನನಗೆ ಮಳೆಗಾಲದಲ್ಲಿ ಎರಡು ಸಲ ಕರೆಂಟ್ ಹೋಗಿ, ಕ್ಯಾಶ್‌ನಲ್ಲಿದ್ದದ್ದು ಡಿಸ್ಕ್ ಮುಟ್ಟದೆ ಅರ್ಧ ದಿನದ ಓಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಪ್ಯಾಚ್ ಬರೆದದ್ದು ಎರಡು ವಾರ. ಉಳಿದ ತಿಂಗಳುಗಳೆಲ್ಲ ಅದು ಸರಿ ಅಂತ ನನಗೇ ನಂಬಿಕೆ ಬರಿಸಿಕೊಳ್ಳಲು ಹೋದವು. ಇಡೀ ಸರಪಳಿ ಓಡಿತು ಅನ್ನುವುದು ಸಾಕ್ಷಿಯೇ ಅಲ್ಲ. ಸರಪಳಿಯಲ್ಲಿರುವುದೆಲ್ಲ ಒಳ್ಳೆಯ ಬ್ಲಾಕ್, ಎಲ್ಲ ಪರೀಕ್ಷೆ ಕಿತ್ತುಹಾಕಿದ ನೋಡ್ ಕೂಡ ಅದನ್ನು ಸಲೀಸಾಗಿ ಒಪ್ಪುತ್ತದೆ. ಬೇಕಾದದ್ದು ಕೆಟ್ಟ ಬ್ಲಾಕ್. ಒಂದು ಬಿಲ್ಡ್‌ನಲ್ಲಿ ಹಳೆ ದಾರಿ, ಹೊಸ ದಾರಿ ಎರಡನ್ನೂ ಓಡಿಸಿ, ಉತ್ತರ ಬೇರೆಯಾದರೆ ಅಲ್ಲೇ ಸಾಯುವಂತೆ ಮಾಡಿದೆ. ಆಮೇಲೆ ಬ್ಲಾಕ್‌ಗಳನ್ನು ಕೆಡಿಸಿ ತಿನ್ನಿಸತೊಡಗಿದೆ. ಮೊದಲ ಮುನ್ನೂರು ಒಂದೂ ಬಿಡದೆ ತಿರಸ್ಕಾರವಾದವು, ನಾನು ಬೀಗಿದೆ. ಕಾರಣ ನೋಡಿದರೆ ಮುನ್ನೂರಕ್ಕೂ ಒಂದೇ: ಮರ್ಕಲ್ ರೂಟ್ ತಪ್ಪು. ಒಳಗಿನ ಬೇರೆ ಪರೀಕ್ಷೆಗಳನ್ನು ಒಂದೂ ಮುಟ್ಟಿರಲಿಲ್ಲ! ಕೆಡಿಸಿದ ಮೇಲೆ ಮರ್ಕಲ್ ಹೊಸದಾಗಿ ಲೆಕ್ಕ ಹಾಕಿ ರೆಗ್‌ಟೆಸ್ಟ್‌ನಲ್ಲಿ ಮತ್ತೆ ಮೈನ್ ಮಾಡಬೇಕು, ತಿರಸ್ಕಾರದ ಕಾರಣವನ್ನೂ ಹೋಲಿಸಬೇಕು. ಹಾಗೆ ನಾಲ್ಕು ಸಾವಿರದ ಆಸುಪಾಸು ಬ್ಲಾಕ್ ತಿನ್ನಿಸಿದೆ. ಆರೇಳು ಕಡೆ ಕಾರಣ ಬೇರೆ ಬಂತು, ಸಿಗ್‌ಆಪ್ ಬದಲು ಇನ್‌ಪುಟ್ ಇಲ್ಲ ಅಂತ. ಒಂದೇ ಬ್ಲಾಕ್‌ನಲ್ಲಿ ಎರಡು ತಪ್ಪಿದ್ದಾಗ ಹಾಗಾಗುತ್ತದೆ, ಅದು ಸರಿಯೇ. ಒಂದು ಕಡೆ ಮಾತ್ರ ನನ್ನ ಸಾರ್ಟ್ ಹೋಲಿಕೆ ಐಡಿ ನೋಡಿ ಔಟ್‌ಪುಟ್‌ನ ಕ್ರಮಸಂಖ್ಯೆ ನೋಡದೆ, ನೆಟ್ಟಗಿದ್ದ ವ್ಯವಹಾರವನ್ನೇ ನಕಲಿ ಅಂದಿತು. ಮೈನ್‌ನೆಟ್‌ನಲ್ಲಿ, ಅಂದರೆ ನಿಜವಾದ ಬಿಟ್‌ಕಾಯಿನ್ ಜಾಲದಲ್ಲಿ, ಓಡಿದ್ದರೆ ನನ್ನ ನೋಡ್ ಒಂಟಿಯಾಗಿ ನಿಲ್ಲುತ್ತಿತ್ತು.

ಗೆಳೆಯ ಈಗ ಪ್ಯಾಚ್ ಕೇಳುತ್ತಿದ್ದಾನೆ. ಸಿಗ್‌ಆಪ್‌ದು, ಇನ್‌ಪುಟ್‌ದು ಕೊಟ್ಟಿದ್ದೇನೆ. ಆ ಹಾಳು ಎಸ್‌ಎಸ್‌ಡಿಯನ್ನು ಎಸೆದಿಲ್ಲ, ಅದರಲ್ಲಿದ್ದ ಕೆಟ್ಟ ಬ್ಲಾಕ್ ಫೈಲ್‌ನ ಪ್ರತಿಯನ್ನೂ ಬೇರೆ ಕಡೆ ಇಟ್ಟಿದ್ದೇನೆ. ಹೊಸ ಬಿಲ್ಡ್ ಏನೇ ಮಾಡಿದರೂ ಮೊದಲು ಆ ಫೈಲ್ ಮೇಲೆ ಓಡಬೇಕು. ಹಾರ್ಡ್‌ವೇರ್ ದೋಷ ಅಂತ ಬೈದು ನಿಂತರೆ ಮಾತ್ರ ಗಿರಾಕಿಯ ಮೆಷಿನ್‌ಗೆ ಹೋಗುತ್ತದೆ.