ಉದುರು ದ್ರಾಕ್ಷಿಯ ಜಾಮ್: ನಮ್ಮೂರಲ್ಲಿ 105 ಡಿಗ್ರಿ ಕಾಯಬೇಡಿ

ನಮಗೆ ಚಿಕ್ಕಬಳ್ಳಾಪುರದ ಹತ್ತಿರ ಒಂದು ಎಕರೆ ಬ್ಲೂ ದ್ರಾಕ್ಷಿ ತೋಟ ಇದೆ. 2013ರಲ್ಲಿ ಬೆಂಗಳೂರು ಬ್ಲೂ ಅನ್ನೋ ಹೆಸರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದು ಇದೇ ಹಣ್ಣಿಗೆ. ಗೊಂಚಲು ಕೊಯ್ದು ಕ್ರೇಟಿಗೆ ತುಂಬುವಾಗ ಒಂದಷ್ಟು ಹಣ್ಣು ಉದುರುತ್ತದೆ. ವ್ಯಾಪಾರಿಗೆ ಗೊಂಚಲು ಬೇಕು, ಉದುರು ಬೇಡ. 2020ರ ಲಾಕ್‌ಡೌನ್‌ನಲ್ಲಂತೂ ಗೊಂಚಲಿಗೂ ಗಿರಾಕಿ ಇರಲಿಲ್ಲ. ಅಕ್ಕಪಕ್ಕದವರಿಗೆ ಹಂಚಿ, ನಾವೂ ತಿಂದು, ಇನ್ನೂ ಕ್ರೇಟುಗಳು ಹಜಾರದಲ್ಲಿ ಉಳಿದಿದ್ದವು. ಅತ್ತೆ ದಿನಾ ಬಂದು ನೋಡೋರು. "ಕಣ್ಣೆದುರಿಗೇ ಕೊಳೀತಾವಲ್ಲಮ್ಮ, ಏನಾದ್ರೂ ಮಾಡು" ಅಂದರು. ನಾನು ಜಾಮ್ ಮಾಡೋದಕ್ಕೆ ಕೂತಿದ್ದು ಹಾಗೆ.

ಮೊದಲ ಸಲ ಮೂರು ಕೆಜಿ ಹಣ್ಣು ಒಟ್ಟಿಗೇ ಹಾಕಿದೆ. ಜಾಮ್ 105 ಡಿಗ್ರಿಗೆ ಬಂದರೆ ಹದ ಅಂತ ಓದಿದ್ದೆ. ನಾದಿನಿ ಕೇಕಿಗೆ ಅಂತ ತರಿಸಿದ್ದ ಥರ್ಮಾಮೀಟರ್ ಮನೆಯಲ್ಲಿತ್ತು. 101 ಆಯಿತು, 102 ಆಯಿತು, ಕಾಯುತ್ತಲೇ ಇದ್ದೆ. 105 ತೋರಿಸುವ ಹೊತ್ತಿಗೆ ಬಣ್ಣ ಕಂದಿ, ಸುಟ್ಟ ಬೆಲ್ಲದ ವಾಸನೆ ಬಂದಿತ್ತು. ಆರಿದ ಮೇಲೆ ಚಮಚ ಒಳಗೆ ಇಳಿಯಲಿಲ್ಲ.

ತಪ್ಪು ಎಲ್ಲಾಯಿತು ಅಂತ ಗೊತ್ತಾಗಿದ್ದು ಆಮೇಲೆ. 105 ಅನ್ನೋದು ಸಮುದ್ರ ಮಟ್ಟದ ಲೆಕ್ಕ. ಅಲ್ಲಿ ನೀರು ಕುದಿಯೋದು 100 ಡಿಗ್ರಿಗೆ, ಜಾಮ್ ಹದಕ್ಕೆ ಬರೋದು ಅದಕ್ಕಿಂತ ನಾಲ್ಕೂವರೆ, ಐದು ಡಿಗ್ರಿ ಮೇಲೆ. ಸುಮಾರು 300 ಮೀಟರ್ ಎತ್ತರಕ್ಕೆ ಹೋದ ಹಾಗೆ ನೀರು ಕುದಿಯುವ ಶಾಖ ಒಂದು ಡಿಗ್ರಿ ಇಳಿಯುತ್ತದೆ. ಚಿಕ್ಕಬಳ್ಳಾಪುರ ಇರೋದು 900 ಮೀಟರ್ ಆಸುಪಾಸಿನಲ್ಲಿ. ನಮ್ಮ ಒಲೆ ಮೇಲೆ ನೀರು 97ಕ್ಕೇ ಕುದಿಯುತ್ತದೆ, ಜಾಮ್ 102ಕ್ಕೇ ಆಗಿರುತ್ತದೆ. ಕೋಲಾರ, ತುಮಕೂರಿನವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಈಗ ನಾನು ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡುತ್ತೇನೆ. ಅಲ್ಲಿ ಎಷ್ಟು ತೋರಿಸುತ್ತದೋ ಅದಕ್ಕೆ ಐದು ಸೇರಿಸಿದರೆ ಮುಗಿಯಿತು.

ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಸ್ಟೀಲ್ ತಟ್ಟೆಯನ್ನು ಫ್ರೀಜರಿನಲ್ಲಿಡಿ. ಅದರ ಮೇಲೆ ಅರ್ಧ ಚಮಚ ಜಾಮ್ ಬಿಟ್ಟು ಒಂದು ನಿಮಿಷ ಬಿಡಿ. ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಹಾಲಿನ ಕೆನೆ ಹಾಗೆ ಮೇಲೆ ಸುಕ್ಕು ಬಂದರೆ ಹದ ಬಂದಿದೆ. ಸುಕ್ಕಿಲ್ಲದೆ ಹರಿದರೆ ಇನ್ನೆರಡು ನಿಮಿಷ ಬೇಕು. ಪರೀಕ್ಷೆ ಮಾಡುವಾಗ ಒಲೆ ಆರಿಸೋದು ಮರೆಯಬೇಡಿ, ಆ ಒಂದು ನಿಮಿಷದಲ್ಲೇ ಜಾಮ್ ಜಾಸ್ತಿ ಗಟ್ಟಿಯಾಗಿಬಿಡುತ್ತದೆ.

ಬ್ಲೂ ದ್ರಾಕ್ಷಿಯ ಒಂದು ಗುಣ ನನಗೆ ತುಂಬಾ ಇಷ್ಟ. ಹಣ್ಣನ್ನು ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ಕನೆ ಜಾರಿ ಹೊರಗೆ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಮಕ್ಕಳನ್ನು ಕೂರಿಸಿದರೆ ಎರಡು ಕೆಜಿ ಬೇಗ ಮುಗಿಯುತ್ತದೆ. ತಿರುಳನ್ನು ಹತ್ತು ನಿಮಿಷ ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯುತ್ತೇನೆ. ಸಿಪ್ಪೆಯನ್ನು ಸ್ವಲ್ಪ ನೀರು ಹಾಕಿ ಬೇರೆಯಾಗಿ ಮೆತ್ತಗೆ ಬೇಯಿಸುತ್ತೇನೆ. ಸಕ್ಕರೆ ಹಾಕೋದು ಸಿಪ್ಪೆ ಬೆಂದ ಮೇಲೇ. ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿ ಹಲ್ಲಿಗೆ ಸಿಗುತ್ತದೆ. ಬಣ್ಣ ಇರೋದೆಲ್ಲ ಸಿಪ್ಪೆಯಲ್ಲೇ, ಅದಕ್ಕೇ ಬಿಸಾಡಬೇಡಿ.

ಎರಡನೇ ವರ್ಷ ಇನ್ನೊಂದು ಪಾಠ ಆಯಿತು. ಬಾಟಲಿ ತೆಗೆದರೆ ಜಾಮಿನೊಳಗೆ ಗಾಜಿನ ಚೂರಿನ ಹಾಗೆ ಮಿನುಗುವ ಹರಳು! ಬಾಟಲಿ ಒಡೆದಿದೆ ಅಂತ ಹೆದರಿ ನಾಲ್ಕು ಬಾಟಲಿ ಚೆಲ್ಲಿದೆ. ಅದು ಗಾಜಲ್ಲ. ದ್ರಾಕ್ಷಿಯ ಹುಳಿ, ಅಂದರೆ ಟಾರ್ಟಾರಿಕ್ ಆಮ್ಲದ ಉಪ್ಪು, ತಣ್ಣಗಾದಾಗ ಹೀಗೆ ಹರಳುಗಟ್ಟುತ್ತದೆ. ತಿಂದರೆ ತೊಂದರೆಯಿಲ್ಲ, ಮರಳು ಸಿಕ್ಕಿದ ಹಾಗಾಗುತ್ತದೆ ಅಷ್ಟೆ. ಈಗ ಶೋಧಿಸಿದ ತಿರುಳನ್ನು ರಾತ್ರಿಯೆಲ್ಲ ಫ್ರಿಡ್ಜಿನಲ್ಲಿಟ್ಟು, ಬೆಳಗ್ಗೆ ಅಲ್ಲಾಡಿಸದೆ ಮೇಲಿನದನ್ನು ಬಗ್ಗಿಸಿಕೊಳ್ಳುತ್ತೇನೆ. ತಳದ ಗಸಿ ಪಾತ್ರೆಯಲ್ಲೇ ಬಿಡುತ್ತೇನೆ. ಹರಳು ಪೂರ್ತಿ ಹೋಗೋದಿಲ್ಲ, ಆದರೆ ತುಂಬಾ ಕಮ್ಮಿಯಾಗುತ್ತದೆ.

ತಿರುಳು, ಸಿಪ್ಪೆ ಸೇರಿ ಒಂದು ಕೆಜಿಗೆ ಮುಕ್ಕಾಲು ಕೆಜಿ ಸಕ್ಕರೆ. ಹಣ್ಣಿನಲ್ಲಿ ಕಾಲು ಭಾಗ ಅರೆಹಣ್ಣು ಇರಲಿ. ಜಾಮ್ ಗಟ್ಟಿಯಾಗೋದು ಹಣ್ಣಿನ ಪೆಕ್ಟಿನ್ (ಹಣ್ಣಿನಲ್ಲೇ ಇರುವ ಅಂಟು), ಹುಳಿ, ಸಕ್ಕರೆ ಮೂರೂ ಕೂಡಿದಾಗ, ಹಣ್ಣು ಕಳಿತಷ್ಟೂ ಮೊದಲ ಎರಡು ಇಳಿಯುತ್ತವೆ. ಎಲ್ಲಾ ಕಳಿತಿದ್ದರೆ ಒಂದು ನಿಂಬೆಹಣ್ಣು ಹಿಂಡಿ. ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆ ಬೇಕು. ಹುಳಿಗೆ ಅಲ್ಯೂಮಿನಿಯಂ ಬೇಡ. ಒಂದು ಸಲಕ್ಕೆ ಒಂದೇ ಕೆಜಿ ಮಾಡಿ, ಸಕ್ಕರೆ ಕರಗಿದ ಮೇಲೆ ಉರಿ ಜೋರಾಗಿರಲಿ. ಬೇಗ ಆದಷ್ಟೂ ಹಣ್ಣಿನ ಘಮ ಉಳಿಯುತ್ತದೆ.

ಬಾಟಲಿಗಳನ್ನು ಹತ್ತು ನಿಮಿಷ ಕುದಿಸಿ, ಬಿಸಿ ಇರುವಾಗಲೇ ಬಿಸಿ ಜಾಮ್ ತುಂಬುತ್ತೇನೆ. ಮೇಲೆ ಕಾಲು ಇಂಚು ಖಾಲಿ ಬಿಟ್ಟು ಮುಚ್ಚಳ ಹಾಕಿ, ತಳಕ್ಕೆ ಬಟ್ಟೆ ಹಾಸಿದ ಪಾತ್ರೆಯಲ್ಲಿ ನಿಲ್ಲಿಸಿ, ಮುಚ್ಚಳ ಮುಳುಗುವಷ್ಟು ನೀರಲ್ಲಿ ಇನ್ನೂ ಹತ್ತು ನಿಮಿಷ ಕುದಿಸುತ್ತೇನೆ. ಆರಿದ ಮೇಲೆ ಮುಚ್ಚಳದ ನಡು ಒಳಕ್ಕೆ ಎಳೆದುಕೊಂಡಿರಬೇಕು. ಒತ್ತಿದಾಗ ಟಿಕ್ ಅಂದರೆ ಆ ಬಾಟಲಿ ನೇರ ಫ್ರಿಡ್ಜಿಗೆ. ಚಿಕ್ಕ ಬಾಟಲಿಗಳೇ ಒಳ್ಳೆಯದು, ತೆಗೆದಿದ್ದು ಬೇಗ ಮುಗಿಯುತ್ತದೆ. ಒಂದು ಸಲ ಯಾರೋ ಒದ್ದೆ ಚಮಚ ಹಾಕಿ ಬೂಸ್ಟು ಬಂದಿತ್ತು. ಅತ್ತೆ ಮೇಲಿಂದ ತೆಗೆದು ಬಳಸೋಣ ಅಂದರು. ನಾನು ಒಪ್ಪಲಿಲ್ಲ. ಬೂಸ್ಟಿನ ಬೇರು, ಅದರ ವಿಷ ಕಣ್ಣಿಗೆ ಕಾಣದೆ ಒಳಗೆ ಇಳಿದಿರುತ್ತದೆ. ಇಡೀ ಬಾಟಲಿ ಚೆಲ್ಲಿದೆ.

ಮಾವನವರಿಗೆ ಸಕ್ಕರೆ ಕಾಯಿಲೆ ಅಂತ ಒಮ್ಮೆ ಅರ್ಧ ಸಕ್ಕರೆ ಹಾಕಿ ನೋಡಿದೆ. ನೀರಾಗೇ ಉಳಿಯಿತು, ಫ್ರಿಡ್ಜಿನಲ್ಲೂ ಬೇಗ ಹುಳಿ ಬಂತು. ಜಾಮನ್ನು ಕೆಡದಂತೆ ಕಾಯೋದೇ ಸಕ್ಕರೆ, ಅಲ್ವಾ?

ಬೇಸಿಗೆಯಲ್ಲಿ ಎರಡು ಚಮಚ ಜಾಮಿಗೆ ತಣ್ಣೀರು, ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಪಾನಕ ಮಾಡುತ್ತೇನೆ. ಬಾಟಲಿ ತಳದಲ್ಲಿ ಅಂಟಿದ್ದಕ್ಕೆ ಹಾಲು ಹಾಕಿ ಕುಲುಕಿ ಮಕ್ಕಳಿಗೆ ಕೊಡುತ್ತೇನೆ. ಗಟ್ಟಿಯಾಗಿ ಹೋದದ್ದನ್ನಂತೂ ಗೊಜ್ಜು ಮಾಡಿಬಿಡುತ್ತೇನೆ. ಬಾಣಲೆಗೆ ಎರಡು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಇಂಗು. ಸಿಡಿದ ಮೇಲೆ ಒಂದು ಚಮಚ ಅಚ್ಚಖಾರದ ಪುಡಿ, ಉಪ್ಪು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ. ಕುದಿ ಬಂದಾಗ ಅರ್ಧ ಲೋಟ ಜಾಮ್, ಅಷ್ಟೇ ಬಿಸಿನೀರು. ಐದು ನಿಮಿಷ ಕುದಿಸಿದರೆ ಸಿಹಿ, ಹುಳಿ, ಖಾರ ಮೂರೂ ಹೊಂದಿಕೊಳ್ಳುತ್ತವೆ. ಬಿಸಿ ರಾಗಿ ರೊಟ್ಟಿ ಜೊತೆ ಅತ್ತೆ ಇದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.