ಐದು ವಾರ ಮುಚ್ಚಿದ ಬಾಗಿಲು

ಮನೆಯ ಎರಡು ದೊಡ್ಡ ಬೆಕ್ಕುಗಳಿಗೆ ನಿಧಾನವಾಗಿ ಪರಿಚಯಿಸಲು ಹೊಸ ಬೆಕ್ಕಿನ ಮರಿಯನ್ನು ಐದು ವಾರ ಬಾಗಿಲ ಹಿಂದೆ ಇಡುತ್ತೇನೆ ಅಂದಾಗ ಬೆಕ್ಕು ಸಾಕುವ ಗೆಳೆಯರೆಲ್ಲ ನಕ್ಕರು. ‘ಸುಮ್ನೆ ಬಿಟ್ಟುಬಿಡಿ, ನಾಲ್ಕು ಏಟು ಬಿದ್ದರೆ ಮರಿಯೇ ಕಲಿಯುತ್ತೆ’ ಅಂದರು. ಈಗ ಮೂರರಲ್ಲಿ ಎರಡು ಒಂದೇ ದಿಂಬಿನ ಮೇಲೆ, ಮೂರನೆಯದು ಕಿಟಕಿಯಲ್ಲಿ. ಜಗಳ ಇಲ್ಲ.

ಸುಮ್ನೆ ಬಿಟ್ಟು ನೋಡುವುದನ್ನು ನಾನು ಹಿಂದೆಯೇ ಮಾಡಿದ್ದೆ. ನನ್ನ ಹೆಣ್ಣು ಬೆಕ್ಕು ಪಟ್ಟಿ ಬಂದಾಗ ಎರಡನೇ ದಿನವೇ ಅವಳನ್ನು ಮನೆಯಲ್ಲಿ ಮೊದಲೇ ಇದ್ದ ಗಂಡು ಬೆಕ್ಕು ಕರಿಯನ ಮುಂದೆ ಬಿಟ್ಟೆ. ಕರಿಯ ಬೆನ್ನಿಗೆ ಕಚ್ಚಿದ. ಬೆಕ್ಕಿನ ಹಲ್ಲಿನ ಗಾಯ ನಿಮಗೆ ಗೊತ್ತಲ್ಲ, ಮೇಲೆ ಚುಕ್ಕೆಯಷ್ಟು ತೂತು, ಅದೂ ಬೇಗ ಮುಚ್ಚಿಕೊಳ್ಳುತ್ತೆ, ಒಳಗೆ ಕೀವು. ಡಾಕ್ಟರ ಬಿಲ್ಲು ಪಟ್ಟಿಯ ಆರು ತಿಂಗಳ ಊಟದಷ್ಟಾಯಿತು. ಆಸ್ಪತ್ರೆಯ ವಾಸನೆ ಹೊತ್ತು ಬಂದ ಅವಳನ್ನು ಕರಿಯ ಪೂರಾ ಅಪರಿಚಿತಳ ಹಾಗೆ ನೋಡಿದ. ಇಬ್ಬರೂ ಒಂದು ಕೋಣೆಯಲ್ಲಿ ಕೂರಲು ಹತ್ತಿರಹತ್ತಿರ ಒಂದು ವರ್ಷ ಬೇಕಾಯಿತು.

ಈ ಸಲ ಬಂದವನು ಗುಂಡ, ಸುಮಾರು ಹತ್ತು ವಾರದ ಮರಿ. ರಕ್ತದ ಟೆಸ್ಟ್, ಜಂತಿನ ಔಷಧಿ, ಲಸಿಕೆ ಎಲ್ಲ ಮಾಮೂಲಿ. ಸೋಂಕಿನ ಭಯಕ್ಕೆ ಮೊದಲ ಎರಡು ವಾರ ಹೇಗೂ ಬೇರೆ ಇಡಬೇಕು. ಹಾಗಾಗಿ ನಿಜವಾಗಿ ‘ಹೆಚ್ಚಾಗಿ’ ಕಾದಿದ್ದು ಮೂರೇ ವಾರ. ನಕ್ಕವರಿಗೆ ಈ ಲೆಕ್ಕ ಹೇಳಿ ಹೇಳಿ ಸಾಕಾಯಿತು.

ವಾಸನೆಯಿಂದ ಶುರು ಮಾಡಿದೆ, ಅಲ್ಲೂ ಎಡವಿದೆ. ಮರಿಯ ಕೆನ್ನೆಗೆ ಉಜ್ಜಿದ ಕಾಲುಚೀಲವನ್ನು ನೇರ ಕರಿಯನ ತಟ್ಟೆಯ ಪಕ್ಕ ಇಟ್ಟೆ. ಅವನು ಬೆಳಿಗ್ಗೆಯ ಊಟವನ್ನೇ ಬಿಟ್ಟು ಎದ್ದುಹೋದ. ಆಮೇಲೆ ಎರಡು ಮಾರು ದೂರ ಇಟ್ಟು, ಅವನು ತಟ್ಟೆ ಖಾಲಿ ಮಾಡಿದರೆ ಮಾತ್ರ ಮರುದಿನ ಒಂದು ಗೇಣು ಹತ್ತಿರ ತಂದೆ. ಮುಚ್ಚಿದ ಬಾಗಿಲ ಎರಡೂ ಕಡೆ ಊಟ ಹಾಕುವಾಗಲೂ ಇದೇ ಗೇಣಿನ ಲೆಕ್ಕ. ಪಟ್ಟಿ ಒಂದು ವಾರದಲ್ಲಿ ಬಾಗಿಲಿಗೆ ಬಂದಳು. ಕರಿಯನಿಗೆ ಎರಡು ವಾರಕ್ಕೂ ಜಾಸ್ತಿ ಹಿಡಿಯಿತು. ನಾನು ನಡೆದದ್ದು ಕರಿಯನ ಕ್ಯಾಲೆಂಡರಿನಂತೆ, ಮರಿಯದ್ದಲ್ಲ. ನನ್ನ ಪ್ರಕಾರ ಎಲ್ಲರೂ ಕೆಲಸ ಕೆಡಿಸಿಕೊಳ್ಳುವುದು ಇಲ್ಲೇ. ಮರಿ ರೆಡಿ ಇದೆ ಅಂತ ಬಾಗಿಲು ತೆರೆದುಬಿಡುತ್ತಾರೆ. ಮರಿ ಯಾವತ್ತೂ ರೆಡಿನೇ, ಅಲ್ವಾ?

ಹನ್ನೆರಡೋ ಹದಿಮೂರೋ ದಿನಕ್ಕೆ ಗುಂಡ ನನ್ನ ಕಾಲ ಸಂದಿಯಿಂದ ಹೊರಗೆ ಹಾರಿದ. ಪಟ್ಟಿ ಬಾಲ ಉಬ್ಬಿಸಿ ಬುಸ್ ಅಂದಳು. ನಾನು ‘ಏಯ್’ ಅಂತ ಕಿರುಚಿದೆ. ಕಿರುಚಬಾರದಿತ್ತು. ಆ ಸಿಟ್ಟನ್ನೆಲ್ಲ ಅವಳು ಪಾಪ ಕರಿಯನ ಮೇಲೆ ತೀರಿಸಿಕೊಂಡಳು. ಒಂದು ವಾರದ ಕೆಲಸ ನೀರುಪಾಲು.

ದುಡ್ಡು ಕಳೆದ ಕಥೆಯೂ ಇದೆ. ಪ್ಲಗ್ಗಿಗೆ ಹಾಕುವ, ಬೆಕ್ಕಿಗೆ ಸಮಾಧಾನ ಕೊಡುತ್ತೆ ಅನ್ನುವ ಫೆರಮೋನ್ (ಬೆಕ್ಕು ಮೈಯಿಂದ ಬಿಡುವ ಸಂಕೇತ-ವಾಸನೆಯ ನಕಲು) ಬಾಟಲಿ ಎರಡು ತಿಂಗಳಿಗಾಗುವಷ್ಟು ತಂದೆ. ಮೊದಲನೆಯದು ಸೋಫಾದ ಹಿಂದೆ ಕೂತು ಖಾಲಿಯಾಯಿತು. ಪೀಠೋಪಕರಣದ ಹಿಂದೆ ಹಾಕಬಾರದು ಅಂತ ಡಬ್ಬದ ಮೇಲೇ ಬರೆದಿತ್ತು, ನಾನು ಓದಿರಲಿಲ್ಲ. ಎರಡನೆಯದರಲ್ಲೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಮಕ್ಕಳಿಗೆ ಹಾಕುವ ಗೇಟ್ ತಂದರೆ ಗುಂಡ ಮೊದಲ ಸಂಜೆಯೇ ಸರಳುಗಳ ನಡುವೆ ನುಸುಳಿದ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆ ಕಿಟಕಿಯ ತಂತಿ ಜಾಲರಿ, ಖರ್ಚು ನಾಲ್ಕು ತಿರುಪು.

ನಡುವೆ ಒಂದು ಹುಚ್ಚು. ಮರಿಯ ಮಿಯಾಂವ್ ರೆಕಾರ್ಡ್ ಮಾಡಿ ದೊಡ್ಡವರಿಗೆ ಕೇಳಿಸಿದೆ. ಪಟ್ಟಿ ಫೋನಿನ ಹಿಂದೆ ಹೋಗಿ ಹುಡುಕಿದಳು, ಕರಿಯ ಎದ್ದು ಬೇರೆ ಕೋಣೆಗೆ ಹೋದ. ವಾಸನೆ ಒಂದಾಗಲಿ ಅಂತ ಒಂದೇ ಟವೆಲ್‌ನಿಂದ ಮೂವರನ್ನೂ ಒರೆಸಿದೆ. ಪಟ್ಟಿ ಅರ್ಧ ಗಂಟೆ ಕೂತು ಮೈ ನೆಕ್ಕಿಕೊಂಡಳು, ಅಷ್ಟೇ.

ನಿಜವಾಗಿ ದಾರಿ ತೆರೆದದ್ದು ಜಾಗದ ಅದಲುಬದಲು. ದಿನಕ್ಕೆ ಒಂದು ಗಂಟೆ ಮರಿ ಮನೆಯ ಹಾಲ್‌ನಲ್ಲಿ, ದೊಡ್ಡವರು ಮರಿಯ ಕೋಣೆಯಲ್ಲಿ. ಐದಾರು ದಿನಕ್ಕೆ ಕರಿಯ ಮರಿಯ ಲಿಟರ್ ಟ್ರೇಯಲ್ಲೇ (ಬೆಕ್ಕಿನ ಮಲಮೂತ್ರದ ತಟ್ಟೆ) ಕೆಲಸ ಮುಗಿಸಿ, ಅಲ್ಲೇ ಕಾಲು ಚಾಚಿ ಮಲಗಿದ. ಆಗ ಒಬ್ಬರನ್ನೊಬ್ಬರು ನೋಡಲಿ ಅಂತ ಬಾಗಿಲಿಗೆ ಜಾಲರಿ ಹಾಕಿದೆ. ಅಂದಹಾಗೆ ಟ್ರೇ ನಾಲ್ಕು ಇಟ್ಟಿದ್ದೇನೆ, ಒಂದೇ ಸಾಲಿನಲ್ಲಲ್ಲ, ನಾಲ್ಕು ಮೂಲೆಗೆ.

ಮೊದಲ ಭೇಟಿಗೆ ಮುಂಚೆ ಗುಂಡನನ್ನು ದಾರದ ಹಿಂದೆ ಇಪ್ಪತ್ತು ನಿಮಿಷ ಓಡಿಸಿ ಸುಸ್ತು ಮಾಡಿದೆ. ಐದೇ ನಿಮಿಷದ ಭೇಟಿ. ಯಾರಾದರೂ ಬುಸ್ ಅನ್ನುವ ಮುಂಚೆಯೇ ಬಾಗಿಲು ಹಾಕಿದೆ. ಬಾಗಿಲು ತೆರೆದಾಗ ಕರಿಯ ಮರಿಯನ್ನು ಬಿಟ್ಟು ನನ್ನ ಕೈಯನ್ನೇ ನೋಡುವ ಹಾಗೆ ಹೇಗೆ ಮಾಡಿದೆ ಅನ್ನೋದು ನನ್ನ ಗುಟ್ಟು, ಇಲ್ಲಿ ಹೇಳಲ್ಲ.

ಆರನೇ ವಾರದಲ್ಲಿ ಗುಂಡ ಕರಿಯನ ಬಾಲ ಕಚ್ಚಿದ. ಕರಿಯ ತಲೆಗೆ ಒಂದು ಬಾರಿಸಿದ, ಉಗುರು ಒಳಗೇ ಇತ್ತು. ಮರಿ ಪಲ್ಟಿ ಹೊಡೆದು ಮತ್ತೆ ಬಾಲಕ್ಕೇ ಬಂತು.

ಜಾಲರಿ ಈಗ ನಕ್ಕವರಲ್ಲೊಬ್ಬರ ಮನೆಯಲ್ಲಿದೆ. ತಿರುಪು ಸಮೇತ ವಾಪಸ್ ಕೊಡಿ ಅಂದಿದ್ದೇನೆ.