ಯಾರಿಗೆ ಯಾವ ಕೆ-ಡ್ರಾಮಾ ಹೇಳಬೇಕು, ನೋಡಿದ ಮೇಲೆ ಹೇಗೆ ಮಾತಾಡಬೇಕು

“ಚಲೋ ಕೊರಿಯನ್ ಡ್ರಾಮಾ ಇದ್ರ ಹೇಳ್ರೀ” ಎಂದು ಯಾರಾದರೂ ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ತಮಗಿಷ್ಟವಾದ ಐದಾರು ಹೆಸರುಗಳನ್ನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ. ಕೇಳಿದವರು ಅದರಲ್ಲೊಂದನ್ನು ಹಿಡಿದು, ಎರಡನೇ ಕಂತಿಗೆ ಬೇಸತ್ತು, ಕೊರಿಯಾದವು ನಮಗೆ ಆಗಿಬರುವುದಿಲ್ಲ ಎಂದು ಕೈಬಿಡುತ್ತಾರೆ. ಪ್ರೇಮಕಥೆಗಳಲ್ಲಿ ಯಾರು ಯಾರನ್ನು ಮೆಚ್ಚುತ್ತಾರೆ ಎಂಬುದು ಪೋಸ್ಟರ್ ನೋಡಿದರೇ ತಿಳಿಯುವುದರಿಂದ ಕಥೆಯ ಸಾರಾಂಶ ಹೇಳಿ ಶಿಫಾರಸು ಮಾಡುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಧಾರಾವಾಹಿ ಎಷ್ಟು ಹೊತ್ತು ಬೇಡುತ್ತದೆ, ಯಾವ ಕಂತಿನಿಂದ ಹಿಡಿದು ಕೂರಿಸುತ್ತದೆ, ಯಾರ ಪಕ್ಕದಲ್ಲಿ ಕೂತು ನೋಡಬಹುದು, ಮುಗಿದಾಗ ಮನಸ್ಸು ಹಗುರವಾಗಿರುತ್ತದೆಯೋ ಭಾರವಾಗಿರುತ್ತದೆಯೋ ಎಂಬ ನಾಲ್ಕು ಸಂಗತಿಗಳನ್ನು ಹೇಳಿದರೆ ಕೇಳಿದವರು ತಾವೇ ಆರಿಸಿಕೊಳ್ಳುತ್ತಾರೆ.

ಇದಕ್ಕೂ ಮೊದಲು ನೀವೇ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ನೋಡುವುದು ಯಾವ ಭಾಷೆಯಲ್ಲಿ? ಬಳ್ಳಾರಿ, ರಾಯಚೂರು ಕಡೆಯ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ಇಲ್ಲವೇ ಉರ್ದು-ಹಿಂದಿ ಕಿವಿಗೆ ಚೆನ್ನಾಗಿ ಬಿದ್ದಿರುತ್ತದೆ. ಆದರೆ ಓಡುವ ಇಂಗ್ಲಿಷ್ ಸಬ್‌ಟೈಟಲನ್ನು ಓದುತ್ತಲೇ ಮುಖಭಾವವನ್ನೂ ಗಮನಿಸುವುದು ಎಲ್ಲರಿಗೂ ಒಗ್ಗುವುದಿಲ್ಲ. ಕೆಲವು ಧಾರಾವಾಹಿಗಳಿಗೆ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇರುತ್ತದೆ, ಹಲವಕ್ಕೆ ಇರುವುದಿಲ್ಲ. ಆದ್ದರಿಂದ ಹೆಸರು ಹೇಳುವ ಮುನ್ನ ಆ್ಯಪ್ ತೆರೆದು ಆಡಿಯೊ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಗಂಗಾವತಿಯಲ್ಲಿರುವ ಅತ್ತೆಯವರಿಗೆ ತೆಲುಗಿನಲ್ಲಿ ಸಿಗುವ ಸಾಧಾರಣ ಧಾರಾವಾಹಿಯೂ ಹಿಡಿಸಬಹುದು, ಸಬ್‌ಟೈಟಲ್ ಮಾತ್ರ ಇರುವ ಅತ್ಯುತ್ತಮವಾದದ್ದು ಹಾಗೆಯೇ ಉಳಿದುಬಿಡಬಹುದು. ಮೂಲ ಧ್ವನಿಯಲ್ಲೇ ನೋಡಬೇಕೆಂದು ಪಟ್ಟು ಹಿಡಿಯುವ ಅಭಿಮಾನಿಗಳು ಇಲ್ಲಿ ಸ್ವಲ್ಪ ಸಡಿಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹೊತ್ತಿನ ಲೆಕ್ಕ. ನಮ್ಮ ದೈನಿಕ ಧಾರಾವಾಹಿಗಳು ದಿನಕ್ಕೆ ಅರ್ಧ ಗಂಟೆಯಂತೆ ನೂರಾರು ಕಂತು ನಡೆಯುತ್ತವೆ. ಕೊರಿಯಾದ ಪ್ರೇಮಧಾರಾವಾಹಿ ಸಾಮಾನ್ಯವಾಗಿ 16 ಕಂತಿಗೆ ಮುಗಿಯುತ್ತದೆ, ಒಂದೊಂದು ಕಂತು ಒಂದು ಗಂಟೆಯ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಮುಗಿಯುತ್ತದೆ ಎಂಬುದನ್ನು ಮೊದಲೇ ಹೇಳಿ, ಏಕೆಂದರೆ ವರ್ಷಗಟ್ಟಲೆ ಎಳೆಯುವ ಕಥೆಗಳಿಂದ ದಣಿದವರಿಗೆ ಅದೇ ದೊಡ್ಡ ಆಕರ್ಷಣೆ. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆಗೆ ಮುನ್ನ ಒಂದು ಗಂಟೆ ಮೊಬೈಲ್ ನೋಡುವ ನರ್ಸ್‌ಗೆ 12 ಕಂತಿನ ‘ಬಿಸಿನೆಸ್ ಪ್ರಪೋಸಲ್’ (2022) ಸರಿಹೊಂದುತ್ತದೆ: ಗೆಳತಿಯ ಬದಲಿಗೆ ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಹೋದ ಹುಡುಗಿಯ ಎದುರು ಕೂತವನು ಅವಳ ಕಂಪನಿಯ ಯಜಮಾನನೇ ಆಗಿರುತ್ತಾನೆ, ಮುಂದಿನದು ನಗುವಿನಲ್ಲೇ ಸಾಗುತ್ತದೆ. ರಾಯಚೂರಿನ ಮೇ ತಿಂಗಳಿನಲ್ಲಿ ಮಧ್ಯಾಹ್ನವಿಡೀ ಹೊರಗೆ ಕಾಲಿಡಲಾಗದೆ ಹಾಸ್ಟೆಲಿನಲ್ಲೋ ಮನೆಯಲ್ಲೋ ಉಳಿದವರಿಗೆ 20 ಕಂತಿನ ‘ರಿಪ್ಲೈ 1988’ ಹೇಳಬಹುದು. ಆದರೆ ಅದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ಮೂರ್ನಾಲ್ಕು ಕಂತಿನವರೆಗೆ ತಾಳಿಕೊಳ್ಳಿ ಎಂಬ ಮಾತನ್ನೂ ಸೇರಿಸಲೇಬೇಕು.

ತಾಳಿಕೊಳ್ಳಿ ಎನ್ನುವಾಗ ಯಾವುದರ ಸಲುವಾಗಿ ಎಂಬುದಕ್ಕೆ ಒಂದು ದೃಶ್ಯವನ್ನು ಮುಂದಿಡಿ. ಸೋಲ್ ನಗರದ ಸ್ಸಾಂಗ್ಮುನ್‌ದಾಂಗ್ ಎಂಬ ಬಡಾವಣೆಯ ಒಂದೇ ಓಣಿಯಲ್ಲಿ ಐದು ಕುಟುಂಬಗಳಿವೆ. ಮೊದಲ ಕಂತಿನಲ್ಲೇ ರಾತ್ರಿ ಊಟದ ಹೊತ್ತಿಗೆ ಒಬ್ಬ ತಾಯಿ ತಾನು ಮಾಡಿದ್ದನ್ನು ಬಟ್ಟಲಿಗೆ ಹಾಕಿ ಮಗನ ಕೈಯಲ್ಲಿ ಪಕ್ಕದ ಮನೆಗೆ ಕಳಿಸುತ್ತಾಳೆ, ಅವರು ಖಾಲಿ ಬಟ್ಟಲು ಹಿಂದಿರುಗಿಸಬಾರದೆಂದು ತಮ್ಮದೇನನ್ನೋ ಹಾಕಿ ಕೊಡುತ್ತಾರೆ, ಮಕ್ಕಳು ಓಣಿಯುದ್ದಕ್ಕೂ ಎದುರಾಬದುರಾಗಿ ಓಡಾಡಿ ಸುಸ್ತಾಗುತ್ತಾರೆ, ಕೊನೆಗೆ ಎಲ್ಲರ ಮನೆಯಲ್ಲೂ ನಾಲ್ಕಾರು ಬಗೆಯ ಪಲ್ಯಗಳು ಸೇರಿರುತ್ತವೆ. ಕೊಪ್ಪಳದ ಓಣಿಯಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ಕೊರಿಯಾದ ಹೆಸರುಗಳು ನಾಲಿಗೆಗೆ ತೊಡಕಾದರೂ ಕೂತು ನೋಡುತ್ತಾರೆ. ನಾಯಕಿ ಆ ಓಣಿಯ ಯಾವ ಹುಡುಗನನ್ನು ಮದುವೆಯಾದಳು ಎಂಬುದನ್ನು ಧಾರಾವಾಹಿ ಬಹುಕಾಲ ಮುಚ್ಚಿಟ್ಟಿರುತ್ತದೆ. ಅದನ್ನು ಹೇಳಿಬಿಟ್ಟರೆ ನೋಡುವವರ ಅರ್ಧ ಸಂತೋಷವನ್ನು ನೀವೇ ಕಸಿದುಕೊಂಡಂತಾಗುತ್ತದೆ.

ಹೊಸಬರಿಗೆ ನಾನು ಹೆಚ್ಚಾಗಿ ಹೇಳುವುದು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’. 2019ರ ಡಿಸೆಂಬರ್‌ನಿಂದ 2020ರ ಫೆಬ್ರವರಿವರೆಗೆ ಪ್ರಸಾರವಾದ ಈ 16 ಕಂತುಗಳಲ್ಲಿ ದಕ್ಷಿಣ ಕೊರಿಯಾದ ಶ್ರೀಮಂತ ಮನೆತನದ ಹೆಣ್ಣುಮಗಳೊಬ್ಬಳು ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕು ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ, ಅಲ್ಲಿನ ಸೇನಾಧಿಕಾರಿಯೊಬ್ಬ ಅವಳನ್ನು ಬಚ್ಚಿಡುತ್ತಾನೆ. ಇದು ಯಾರಾದರೂ ಹೇಳುವ ಸಾರಾಂಶ. ಹಿರಿಯರಿಗೆ ಹೇಳುವಾಗ ನಾನು ಅವರಿಬ್ಬರನ್ನು ಬಿಟ್ಟು ಆ ಅಧಿಕಾರಿ ಇರುವ ಹಳ್ಳಿಯಿಂದ ಶುರುಮಾಡುತ್ತೇನೆ. ಅಧಿಕಾರಿಗಳ ಹೆಂಡಂದಿರು ಒಟ್ಟಿಗೆ ಕೂತು ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿ ಹಾಕುತ್ತಾರೆ, ಹೊಸದಾಗಿ ಬಂದವಳ ಬಟ್ಟೆ-ಬರೆಯನ್ನು ಓರೆಗಣ್ಣಿನಲ್ಲಿ ಅಳೆಯುತ್ತಾರೆ, ಒಬ್ಬಳ ಗಂಡನ ಹುದ್ದೆಗೆ ತಕ್ಕಂತೆ ಉಳಿದವರ ದನಿ ಏರುತ್ತದೆ, ಇಳಿಯುತ್ತದೆ. ಪ್ಯಾಂಗ್ಯಾಂಗ್‌ಗೆ ಹೊರಟ ರೈಲು ಕರೆಂಟ್ ಹೋಗಿ ರಾತ್ರಿಯಿಡೀ ಬಯಲಿನಲ್ಲಿ ನಿಂತಾಗ ಹೊದಿಕೆ, ತಿನಿಸು ಮಾರುವವರು ಎಲ್ಲಿಂದಲೋ ಓಡಿಬರುತ್ತಾರೆ, ಪ್ರಯಾಣಿಕರು ಕೆಳಗಿಳಿದು ಬೆಂಕಿ ಕಾಯಿಸಿಕೊಳ್ಳುತ್ತಾರೆ. ಲೋಡ್‌ಶೆಡ್ಡಿಂಗ್ ಕಂಡವರಿಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ. ಆ ಅಧಿಕಾರಿಯ ಕೈಕೆಳಗಿನ ಸೈನಿಕರಲ್ಲೊಬ್ಬ ದಕ್ಷಿಣ ಕೊರಿಯಾದ ಧಾರಾವಾಹಿಗಳನ್ನು ಕದ್ದು ನೋಡಿ, ನಟಿ ಚೋಯ್ ಜಿ-ವೂ ಅವರನ್ನು ಆರಾಧಿಸುವವನು. ಡ್ರಾಮಾಗಳಲ್ಲಿ ಹೀಗಾದರೆ ಅದಕ್ಕೆ ಹೀಗೆ ಅರ್ಥ ಎಂದು ಉಳಿದವರಿಗೆ ಅವನೇ ವಿವರಿಸುತ್ತಾನೆ. ನಮ್ಮ ಗುಂಪಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಾಯಕ-ನಾಯಕಿಯಾಗಿ ನಟಿಸಿದ ಹ್ಯುನ್ ಬಿನ್ ಮತ್ತು ಸೋನ್ ಯೆ-ಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು ಎಂಬ ಸುದ್ದಿಯನ್ನು ಕಡೆಯಲ್ಲಿ ಸೇರಿಸಿದರೆ ಅಜ್ಜಿಯಂದಿರೂ ಒಪ್ಪುತ್ತಾರೆ.

ಯಾರ ಜೊತೆ ಕೂತು ನೋಡುತ್ತಾರೆ ಎಂಬುದನ್ನು ಸಂಕೋಚವಿಲ್ಲದೆ ಕೇಳಿಕೊಳ್ಳಬೇಕು. ಟೀವಿಯಲ್ಲಿ ಬರುವ ಕೊರಿಯಾದ ಪ್ರೇಮಕಥೆಗಳು ಬಹುಮಟ್ಟಿಗೆ ಮೆಲುದನಿಯವು, ಮೊದಲ ಮುತ್ತಿಗೆ ಎಷ್ಟೋ ಕಂತು ಕಾಯಬೇಕಾಗುತ್ತದೆ. ಆದರೆ ಕುಡಿತ ಧಾರಾಳ. ಆಫೀಸಿನ ಊಟವಿರಲಿ, ಅಪ್ಪ-ಮಗಳ ಮಾತಿರಲಿ, ಸೋಜು ಬಾಟಲಿ ಬಂದೇ ಬರುತ್ತದೆ, ಮೇಜಿನ ಮೇಲೇ ಮಾಂಸ ಸುಡುತ್ತಿರುತ್ತದೆ. ಶುದ್ಧ ಸಸ್ಯಾಹಾರದ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಮುಜುಗರವಿರುವುದಿಲ್ಲ. ಎಲ್ಲರೂ ಕೂಡಿ ನೋಡಲು ‘ಹೋಮ್‌ಟೌನ್ ಚಾ-ಚಾ-ಚಾ’ (2021) ತಕ್ಕುದು: ಸಮುದ್ರದಂಡೆಯ ಊರಿಗೆ ಬಂದ ದಂತವೈದ್ಯೆ, ಊರಿನ ಎಲ್ಲ ಕೆಲಸಕ್ಕೂ ಕೈಹಾಕುವ ಹುಡುಗ, ಇವರಿಬ್ಬರ ಮೇಲೂ ಕಣ್ಣಿಟ್ಟಿರುವ ಮೂವರು ಮುದುಕಿಯರು. ಅತ್ತೆ-ಸೊಸೆ ಒಟ್ಟಿಗೆ ನೋಡುವುದಾದರೆ 2024ರ ‘ಕ್ವೀನ್ ಆಫ್ ಟಿಯರ್ಸ್’ ಇದೆ. ಭಾರೀ ಶ್ರೀಮಂತ ಮನೆತನದ ಹಿರಿಯರ ಪೂಜೆಯ ದಿನ ಆ ಮನೆಯ ಹೆಣ್ಣುಮಕ್ಕಳು ಆರಾಮಾಗಿರುತ್ತಾರೆ, ದೊಡ್ಡ ದೊಡ್ಡ ಓದು ಓದಿದ ಅಳಿಯಂದಿರು ಅಡುಗೆಮನೆಯಲ್ಲಿ ಕರಿಯುತ್ತ, ಹುರಿಯುತ್ತ ಗೊಣಗುತ್ತಿರುತ್ತಾರೆ. ಇದನ್ನು ನೋಡಿದ ಮೇಲೆ ಮನೆಯಲ್ಲಿ ನಡೆಯುವ ಚರ್ಚೆಗೆ ನಾನು ಜವಾಬ್ದಾರನಲ್ಲ.

ಹಳೆಯದನ್ನು ಹೇಳುವಾಗ ವರ್ಷವನ್ನೂ ಹೇಳಿ. 2009ರ ‘ಬಾಯ್ಸ್ ಓವರ್ ಫ್ಲವರ್ಸ್’ನಲ್ಲಿ ಹಣವಂತ ಹುಡುಗ ನಾಯಕಿಯನ್ನು ಕಾಡಿ, ಕೈ ಹಿಡಿದು ದರದರ ಎಳೆದೊಯ್ಯುವುದನ್ನೇ ಪ್ರೀತಿಯೆಂಬಂತೆ ತೋರಿಸಲಾಗಿದೆ, ಈಗಿನ ಕಾಲೇಜು ಹುಡುಗಿಯರು ಅದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 2016ರ ‘ಗಾಬ್ಲಿನ್’ ಬಹಳ ಜನ ಮೆಚ್ಚಿದ ಕಥೆಯೇ ಆದರೂ ಆರಂಭದಲ್ಲಿ ನಾಯಕಿ ಇನ್ನೂ ಶಾಲಾ ಹುಡುಗಿ, ನಾಯಕನಿಗೆ ಒಂಬೈನೂರು ವರ್ಷ ದಾಟಿದೆ. ಅವನು ಸಾವಿಲ್ಲದ ದೈವವೇ ಆದರೂ ಆ ಅಂತರ ಕೆಲವರಿಗೆ ಕಸಿವಿಸಿ ಉಂಟುಮಾಡುತ್ತದೆ ಎಂಬುದನ್ನು ಹೇಳಿ ಬಿಡುವುದು ಕ್ಷೇಮ.

ಕೊನೆಯ ಬಗ್ಗೆ ಎಷ್ಟು ಹೇಳಬೇಕು ಎಂಬುದು ಕಷ್ಟದ ಪ್ರಶ್ನೆ. ಅಂತ್ಯವನ್ನು ಹೇಳಬಾರದು, ಅಂತ್ಯದ ಹವೆಯನ್ನು ಹೇಳಬೇಕು. ಮನೆಯಲ್ಲಿ ಈಗಷ್ಟೇ ಸಾವೋ ಕಾಯಿಲೆಯೋ ಕಂಡವರಿಗೆ ಕಣ್ಣೀರಿನ ಧಾರಾವಾಹಿಯನ್ನು ಸುಳಿವಿಲ್ಲದೆ ಕೈಗಿಡುವುದು ಸರಿಯಲ್ಲ. “ಇದರಲ್ಲಿ ಅಳು ಬರುತ್ತದೆ, ಆದರೆ ಮುಗಿದಾಗ ನೆಮ್ಮದಿ ಇರುತ್ತದೆ” ಎಂದರೆ ಯಾವ ಗುಟ್ಟೂ ಬಯಲಾಗುವುದಿಲ್ಲ. 2025ರ ಮಾರ್ಚ್‌ನಲ್ಲಿ ವಾರಕ್ಕೆ ನಾಲ್ಕರಂತೆ 16 ಕಂತುಗಳಲ್ಲಿ ಬಂದ, ಜೇಜು ದ್ವೀಪದ ಬಡ ಹುಡುಗಿಯ ಇಡೀ ಬದುಕನ್ನು ಹೇಳುವ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಬಗ್ಗೆ ನಾನು ಹೇಳುವುದು ಇಷ್ಟನ್ನೇ. ‘ಟ್ವೆಂಟಿ-ಫೈವ್ ಟ್ವೆಂಟಿ-ಒನ್’ (2022) ಬಗ್ಗೆಯಾದರೆ, ಕೊನೆಯ ಕಂತಿನ ಕುರಿತು ನೋಡುಗರು ಎರಡು ಪಂಗಡವಾಗಿ ಜಗಳವಾಡಿದರು ಎಂದಷ್ಟೇ ತಿಳಿಸುತ್ತೇನೆ.

ಒಬ್ಬರಿಗೆ ಒಂದು ಹಿಡಿಸಿದ ಮೇಲೆ ಮುಂದಿನದನ್ನು ಹೀರೋ ನೋಡಿ ಆರಿಸುವ ಬದಲು ಬರೆದವರನ್ನು ನೋಡಿ ಆರಿಸಿ. ಕೊರಿಯಾದಲ್ಲಿ ಧಾರಾವಾಹಿ ಬರೆಯುವವರಿಗೆ ನಟರಷ್ಟೇ ಹೆಸರಿದೆ. ‘ಕ್ರ್ಯಾಶ್ ಲ್ಯಾಂಡಿಂಗ್’ ಬರೆದ ಪಾರ್ಕ್ ಜಿ-ಯೂನ್ ಅವರೇ ‘ಮೈ ಲವ್ ಫ್ರಮ್ ದ ಸ್ಟಾರ್’ ಮತ್ತು ‘ಕ್ವೀನ್ ಆಫ್ ಟಿಯರ್ಸ್’ ಬರೆದವರು, ಮೂರರಲ್ಲೂ ಠೀವಿಯ ನಾಯಕಿ ಮತ್ತು ಅವಳನ್ನು ಸುಮ್ಮನೆ ಕಾಯುವ ನಾಯಕ ಸಿಗುತ್ತಾರೆ. ‘ಗಾಬ್ಲಿನ್’ ಇಷ್ಟಪಟ್ಟವರಿಗೆ ಅದೇ ಕಿಮ್ ಯೂನ್-ಸುಕ್ ಅವರ ‘ಮಿಸ್ಟರ್ ಸನ್‌ಶೈನ್’ (2018, 24 ಕಂತು) ಹೇಳಬಹುದು. ದೆವ್ವ-ಮಾಯೆಯ ಕಥೆ ಬೇಕೆನ್ನುವವರಿಗೆ ಹಾಂಗ್ ಸಹೋದರಿಯರ ‘ಹೋಟೆಲ್ ಡೆಲ್ ಲೂನಾ’ (2019) ಇದೆ.

ಇನ್ನು ಕೂಡಿ ಮಾತಾಡುವ ವಿಚಾರ. ಸಂಜೆ ಮಿರ್ಚಿ-ಮಂಡಕ್ಕಿ ಹರಡಿಕೊಂಡು ಕೂತಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ, ಮಾತು ಶುರುವಾಗುವ ಮುನ್ನ ಎಲ್ಲರೂ ತಾವು ಯಾವ ಕಂತಿನಲ್ಲಿದ್ದೇವೆ ಎಂದು ಹೇಳಲಿ. “ಯಕ್ಕಾ, ನಾ ಇನ್ನ ಒಂಬತ್ತರಾಗ ಅದೀನಿ, ಮುಂದಿಂದು ಹೇಳಬ್ಯಾಡ್ರಿ” ಎಂದು ಕಿರಿಯಳೊಬ್ಬಳು ಬಾಯಿಬಿಟ್ಟು ಹೇಳುವಷ್ಟು ಸಲುಗೆ ಗುಂಪಿನಲ್ಲಿರಬೇಕು, ಹಾಗೂ ಅಂದಿನ ಮಾತು ಒಂಬತ್ತಕ್ಕೇ ನಿಲ್ಲಬೇಕು. ಕೊರಿಯಾದ ಟೀವಿಯಲ್ಲಿ ಹೊಸ ಧಾರಾವಾಹಿಗಳು ಹೆಚ್ಚಾಗಿ ವಾರಕ್ಕೆ ಎರಡು ಕಂತಿನಂತೆ ಬರುತ್ತವೆ. ಶನಿವಾರ, ಭಾನುವಾರ ಬರುವುದನ್ನು ಹಿಂಬಾಲಿಸುವವರು ಚರ್ಚೆಯನ್ನು ಸೋಮವಾರ ಸಂಜೆಗೆ ಇಟ್ಟುಕೊಂಡರೆ ಕೆಲಸಕ್ಕೆ ಹೋಗುವವರಿಗೂ ನೋಡಿ ಮುಗಿಸಲು ಬಿಡುವು ಸಿಗುತ್ತದೆ. ಅಲ್ಲಿಯವರೆಗೆ ಮದುವೆ ದೃಶ್ಯದ ಚಿತ್ರವನ್ನು ಸ್ಟೇಟಸ್‌ಗೆ ಹಾಕುವ ಆಸೆಯನ್ನು ತಡೆದುಕೊಳ್ಳಬೇಕು.

ನಾಯಕಿಗೆ ಯಾರು ತಕ್ಕವರು ಎಂಬ ವಾದ ಬಂದಾಗ ಗುಂಪು ಬಿಸಿಯಾಗುತ್ತದೆ. ‘ಸ್ಟಾರ್ಟ್-ಅಪ್’ (2020) ನೋಡಿದವರಲ್ಲಿ ನಾಯಕನ ಕಡೆಯವರು, ಎರಡನೇ ನಾಯಕ ಹಾನ್ ಜಿ-ಪ್ಯೊಂಗ್ ಕಡೆಯವರು ಎಂದು ಈಗಲೂ ಎರಡು ಬಣಗಳಿವೆ. ಈ ವಾದವನ್ನು ತಡೆಯಬೇಕಿಲ್ಲ, ಇದೇ ಚರ್ಚೆಯ ರುಚಿಯಾದ ಭಾಗ. ಆದರೆ ಪಕ್ಷ ಹಿಡಿದವರು ಒಂದು ದೃಶ್ಯವನ್ನಾದರೂ ತೋರಿಸಿ ಮಾತಾಡಲಿ: ಯಾವ ಕಂತಿನಲ್ಲಿ, ಯಾವ ಮಾತಿಗೆ, ಅವಳ ಮುಖ ಹೇಗೆ ಬದಲಾಯಿತು? ದೃಶ್ಯ ಸಿಗದಿದ್ದರೆ ಅವರು ನಟನ ಅಂದಕ್ಕೆ ಮತ ಹಾಕುತ್ತಿದ್ದಾರೆ ಎಂದು ತಿಳಿಯಬಹುದು. ಅದೂ ತಪ್ಪಲ್ಲ, ಅಷ್ಟಕ್ಕೇ ಒಂದು ತಾಸು ವಾದಿಸಬೇಕಿಲ್ಲ.

ನೀವು ಹೇಳಿದ್ದನ್ನು ಯಾರಾದರೂ ಅರ್ಧಕ್ಕೆ ಬಿಟ್ಟರೆ “ನೋಡಿದ್ರಿಲ್ಲೋ” ಎಂದು ದಿನವೂ ಕೆದಕುವುದರಿಂದ ಅವರು ನಿಮ್ಮನ್ನು ಕಂಡರೆ ಬೇರೆ ಓಣಿ ಹಿಡಿಯುವಂತಾಗುತ್ತದೆ. ಎಲ್ಲಿ ಬಿಟ್ಟರು ಎಂದು ಒಮ್ಮೆ ಕೇಳಿ. ‘ರಿಪ್ಲೈ 1988’ ಎಳೆದಂತಾಯಿತು ಎಂದವರಿಗೆ ‘ಬಿಸಿನೆಸ್ ಪ್ರಪೋಸಲ್’ ಕೊಡಿ. ‘ಬಿಸಿನೆಸ್ ಪ್ರಪೋಸಲ್’ ತೀರಾ ಹುಡುಗಾಟ ಎಂದವರಿಗೆ, ಶಾಲೆಯಲ್ಲಿದ್ದಾಗ ಚಿತ್ರೀಕರಿಸಿದ ಸಾಕ್ಷ್ಯಚಿತ್ರದಿಂದಾಗಿ ವರ್ಷಗಳ ಮೇಲೆ ಮತ್ತೆ ಎದುರಾಗುವ ಹಳೆಯ ಜೋಡಿಯ ‘ಅವರ್ ಬಿಲವ್ಡ್ ಸಮ್ಮರ್’ (2021) ಹೇಳಿ. ಸಬ್‌ಟೈಟಲ್ ಓದಲಾಗಲಿಲ್ಲ ಎಂದವರ ಪಕ್ಕದಲ್ಲಿ ಮೊದಲ ಕಂತಿಗೆ ನೀವೇ ಕೂತು, ಬೇಕಾದಲ್ಲಿ ನಿಲ್ಲಿಸಿ, ಯಾರು ಯಾರಿಗೆ ಏನಾಗಬೇಕು ಎಂದು ಹೇಳಿಕೊಡಿ. ಎರಡನೇ ಕಂತಿಗೆ ಅವರೇ ರಿಮೋಟ್ ಕೈಗೆ ತೆಗೆದುಕೊಂಡರೆ ಆಯಿತು, ಇಲ್ಲದಿದ್ದರೆ ಏಳು ಗಂಟೆಯ ಕನ್ನಡ ಧಾರಾವಾಹಿಗೆ ಟೀವಿ ಬಿಟ್ಟುಕೊಟ್ಟು ಎದ್ದುಬನ್ನಿ.